ಕಡಲೆಬೇಳೆಯ ಶ್ರುತಿ

ನಮ್ಮೂರಲ್ಲಿ ಗುರುವಾರ ಹಾಡಿದ್ದು ಮುಂದಿನ ಗುರುವಾರ ಕೇಳಿಸುತ್ತದೆ. ಊರ ತುಂಬ ಹಾಗಿಲ್ಲ, ಹಳೇ ಹತ್ತಿ ಗೋದಾಮಿನ ಕಟ್ಟೆಯ ಮೇಲೆ ಮಾತ್ರ. ಅಲ್ಲಿ ಮೈಕಿನ ಮುಂದೆ ನಿಂತು ಬಾಯಿ ಬಿಟ್ಟರೆ ದನಿ ಹೊರಗೆ ಬರುವುದಿಲ್ಲ, ಹಾಡಿದವರ ಕಿವಿಗೂ ಬೀಳುವುದಿಲ್ಲ. ಏಳು ದಿನ ಕಳೆದು, ಗಡಿಯಾರ ಅದೇ ನಿಮಿಷಕ್ಕೆ ಬಂದಾಗ, ಗೋಡೆಯ ಮೇಲಿನ ಎರಡು ಸ್ಪೀಕರಿನಿಂದ ಪೂರ್ತಿ ಹಾಡು ಹೊರಗೆ ಬರುತ್ತದೆ. ಕಟ್ಟೆಯ ಕೆಳಗೆ ಬೆಂಚಿನ ಮೇಲೆ ಕೂತವರ ಮಾತು, ಕೆಮ್ಮು, ಚಪ್ಪಾಳೆ ಎಲ್ಲ ಬೇರೆ ಊರುಗಳ ಹಾಗೆ ಆಗಿಂದಾಗಲೇ ಕೇಳಿಸುತ್ತದೆ. ಬೇರೆ ಊರಿನಿಂದ ಬಂದವರು ಕೇಳುತ್ತಾರೆ, ಇಷ್ಟೆಲ್ಲ ಯಾಕೆ, ಇನ್ನೊಂದು ಕಡೆ ಹಾಡಬಾರದೇ ಅಂತ. ಹಾಡಬಹುದು. ಬಚ್ಚಲಲ್ಲಿ ನಿಂತೂ ಹಾಡಬಹುದು. ಅದನ್ನು ನಮ್ಮೂರವರು ಹಾಡು ಅನ್ನುವುದಿಲ್ಲ, ಅಷ್ಟೆ.

ವಾರಕ್ಕೆ ಹತ್ತು ಸರದಿ, ಸರದಿಗೆ ಏಳು ನಿಮಿಷ, ಸಂಜೆ ಆರಕ್ಕೆ ಶುರು. ಯಾರು ಬೇಕಾದರೂ ಹೆಸರು ಬರೆಸಬಹುದು. ಕಲಿತಿರಬೇಕು ಅಂತೇನೂ ಇಲ್ಲ. ಆದರೆ ಒಂದು ತೊಡಕಿದೆ. ನಾಲ್ಕನೇ ಸರದಿಗೆ ನೀವು ಕಟ್ಟೆ ಹತ್ತಿ ಹಾಡಲು ಶುರು ಮಾಡಿದಾಗ, ಸ್ಪೀಕರಿನಿಂದ ಹೋದ ವಾರದ ನಾಲ್ಕನೇ ಸರದಿಯವರ ಹಾಡು ಗೋದಾಮಿನ ತಗಡು ಅದುರುವ ಹಾಗೆ ಬರುತ್ತಿರುತ್ತದೆ. ನಿಮ್ಮ ದನಿ ನಿಮಗೆ ಕೇಳದು, ಅವರ ದನಿ ಬಿಟ್ಟರೆ ಬೇರೇನೂ ಕೇಳದು. ಅದರ ನಡುವೆ ನಿಮ್ಮ ಹಾಡನ್ನು ನೀವು ಹಿಡಿದುಕೊಂಡು ನಿಲ್ಲಬೇಕು. ಹಿಡಿತ ತಪ್ಪಿ ಅವರ ಶ್ರುತಿಗೋ ಅವರ ತಾಳಕ್ಕೋ ಹೋಗಿ ಬಿದ್ದರೆ ಅದಕ್ಕೆ ಜಾರುವುದು ಅನ್ನುತ್ತಾರೆ. ಜಾರಿದ್ದು ಮುಂದಿನ ವಾರ ಊರಿಗೆಲ್ಲ ಕೇಳುತ್ತದೆ. ಸರದಿಯ ಲೆಕ್ಕ ಇಡುವ ಅಂಬುಜಾಬಾಯಿಯವರು ಎದ್ದು ಹೋಗಿ ಕರೀಹಲಗೆಯಲ್ಲಿ ನಿಮ್ಮ ಹೆಸರಿನ ಮುಂದೆ ಒಂದು ಗೀಟು ಎಳೆಯುತ್ತಾರೆ. ಮೂರು ಗೀಟು ಆದರೆ ಹೆಸರನ್ನೇ ಒರೆಸುತ್ತಾರೆ, ಮತ್ತೆ ಬರೆಯುವುದಿಲ್ಲ.

ನನ್ನ ಹೆಸರು ತಂಗೆವ್ವ. ಬಸ್ ಸ್ಟ್ಯಾಂಡಿನ ಹಿಂದಿನ ಹಿಟ್ಟಿನ ಗಿರಣಿ ನನ್ನದು. ನನ್ನ ಹೆಸರಿನ ಮುಂದೆ ಎರಡು ಗೀಟು ಇದ್ದವು.

ಮೊದಲನೇ ಸಲ ನನಗೆ ಅಡ್ಡ ಬಂದದ್ದು ಒಬ್ಬ ಸೂಲಗಿತ್ತಿಯ ಜೋಗುಳ. ಮೂರು ನಿಮಿಷ ಗಟ್ಟಿಯಾಗಿ ನಿಂತೆ ಅಂದುಕೊಂಡಿದ್ದೆ. ಮುಂದಿನ ವಾರ ಕೇಳಿದರೆ ಮೊದಲ ನುಡಿ ಮುಗಿಯುವ ಮುಂಚೆಯೇ ನಾನೂ ಲಾಲಿ ಲಾಲಿ ಅನ್ನುತ್ತಿದ್ದೇನೆ! ಬೆಂಚಿನ ಮೇಲೆ ಕೂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಎರಡನೇ ಸಲ ಒಬ್ಬ ದರ್ಜಿಯ ಹಾರ್ಮೋನಿಯಂ. ಅದು ಏರಿದಲ್ಲೆಲ್ಲ ಏರಿ, ಇಳಿದಲ್ಲೆಲ್ಲ ಇಳಿದು, ಕೊನೆಗೆ ಅದು ನಿಂತಲ್ಲಿ ನಾನೂ ನಿಂತೆ. ಆ ವಾರ ನಗಲಿಲ್ಲ ಯಾರೂ. ಅದು ಇನ್ನೂ ಕೆಟ್ಟದ್ದು.

ಹೋಗಲಿ ಬಿಡು ಅನ್ನಬಹುದಿತ್ತು. ಅನ್ನಲಿಲ್ಲ, ಯಾಕೆಂದರೆ ಆ ಹಾಡು ನಮ್ಮವ್ವನದು. ಅವ್ವ ಬೀಸುವ ಕಲ್ಲಿನ ಮುಂದೆ ಕೂತರೆ ಹಾಡಿನ ಮೇಲೆ ಹಾಡು ಬರುತ್ತಿತ್ತು. ಓಣಿಯ ಹೆಂಗಸರು ತಮ್ಮ ಜೋಳ ತಂದು ನಮ್ಮನೆಯಲ್ಲೇ ಬೀಸುತ್ತಿದ್ದರು, ಅವ್ವ ಹಾಡಲಿ ಅಂತ. ನಾನು ಇಪ್ಪತ್ತೆರಡರ ಹುಡುಗಿ, ಅವ್ವನ ಕೈಗೆ ಸುಖವಾಗಲಿ ಅಂತ ಗಿರಣಿ ತಂದು ಕೂರಿಸಿದೆ. ಕೈಗೆ ಸುಖವಾಯಿತು. ಕಲ್ಲು ಹಿತ್ತಲಿಗೆ ಹೋಯಿತು, ಹಾಡೂ ಹೋಯಿತು. ಕಲ್ಲಿಲ್ಲದೆ ಅವ್ವನಿಗೆ ಒಂದು ನುಡಿಯೂ ನೆನಪಾಗುತ್ತಿರಲಿಲ್ಲ. ಊರಿನ ಬೀಸುವ ಹಾಡನ್ನೆಲ್ಲ ನುಂಗಿದವಳು ನಾನೇ ಅಂತ ನನಗೆ ಯಾರೂ ಹೇಳಿಲ್ಲ, ನನಗೇ ಗೊತ್ತು. ನನಗೆ ಉಳಿದದ್ದು ಒಂದೇ ಹಾಡು, ಅದರಲ್ಲೂ ಐದೇ ನುಡಿ. ಅದನ್ನು ಒಮ್ಮೆ ಜಾರದೆ ಪೂರ್ತಿ ಊರಿಗೆ ಕೇಳಿಸಬೇಕು ಅನ್ನುವುದು ನನ್ನ ಹಟ.

ಚೀಟಿ ಎತ್ತಿ ಮೂರು ವಾರದ ಸರದಿಯನ್ನು ಒಟ್ಟಿಗೇ ಹಲಗೆಯ ಮೇಲೆ ಬರೆಯುತ್ತಾರೆ. ಈ ಸಲ ಬರೆದಾಗ ನಾಲ್ಕನೇ ಸರದಿ ಹೀಗಿತ್ತು: ಮೊದಲ ವಾರ ಯಮನೂರಪ್ಪ ಮಾಸ್ತರರು, ಎರಡನೇ ವಾರ ನಾನು, ಮೂರನೇ ವಾರ ಬಸ್ ಸ್ಟ್ಯಾಂಡಿನ ದಸ್ತಗೀರ್ ಸಾಬರು. ಅಂದರೆ ನಾನು ಹಾಡುವಾಗ ನನ್ನ ಕಿವಿಯಲ್ಲಿ ಮಾಸ್ತರರು, ದಸ್ತಗೀರ್ ಸಾಬರು ಹಾಡುವಾಗ ಅವರ ಕಿವಿಯಲ್ಲಿ ನಾನು. ಯಮನೂರಪ್ಪ ಮಾಸ್ತರರು ಶಾಲೆಯಲ್ಲಿ ನಮಗೆ ಡ್ರಿಲ್ ಹೇಳಿದವರು. ಈಗ ನಿವೃತ್ತಿಯಾಗಿದೆ, ಗಂಟಲಿಗೆ ಆಗಿಲ್ಲ. ಡಪ್ಪು ಬಾರಿಸಿಕೊಂಡು ಹಾಡುತ್ತಾರೆ. ಅವರ ಮರುವಾರದ ಸರದಿ ಬಿದ್ದವರು ಆ ವಾರವಿಡೀ ಮುಖ ಗಂಟು ಹಾಕಿಕೊಂಡೇ ಓಡಾಡುತ್ತಾರೆ.

ಹಲಗೆ ನೋಡಿದವಳೇ ನೆಟ್ಟಗೆ ಅವರ ಮನೆಗೆ ಹೋದೆ. ಮಾಸ್ತರರು ಅಂಗಳದಲ್ಲಿ ಡಪ್ಪನ್ನು ಬಿಸಿಲಿಗೆ ಕಾಯಿಸುತ್ತಿದ್ದರು.

"ಮಾಸ್ತರ್ರೀ, ಈ ಸಲ ಒಂದೀಟ ಸಣ್ಣಗ ಹಾಡ್ರಿ. ನಿಮ್ಮ ಹಿಂದ ನಂದೈತಿ. ಎರಡು ಗೀಟ ಆಗ್ಯಾವ ನನಗ."

"ಮೂರಾದ್ರ ಆಗ್ಲಿ," ಅಂದರು, ಡಪ್ಪಿನಿಂದ ಕಣ್ಣು ಎತ್ತದೆ. "ನಾ ವರ್ಷಾ ಆತು ಈ ಸರದಿಗೆ ಕಾಯಾಕತ್ತು. ನನ್ನ ಹಾಡಿನ ಮ್ಯಾಲೆ ನೀ ಸವಾರಿ ಮಾಡಬೇಕೇನ? ಮೈದಾನ ಮೂರು ಸುತ್ತು ಓಡಂದ್ರ ಎರಡಕ್ಕ ಕೂಡತಿದ್ದಿ ನೀ. ಇನ್ನೂ ಹಂಗ ಅದೀಯಲ್ಲ."

ಮೈಯೆಲ್ಲ ಉರಿಯಿತು. ಮೂವತ್ತೈದು ವರ್ಷದ ಹಿಂದಿನ ಓಟವನ್ನು ಈಗ ತೆಗೆಯಬೇಕಾಗಿತ್ತೇ ಆ ಮನುಷ್ಯ! ಮೂರು ಸುತ್ತೂ ಓಡಿ ತೋರಿಸುತ್ತೇನೆ ಅಂತ ಮನಸ್ಸಿನಲ್ಲೇ ಹೇಳಿಕೊಂಡು ಗಿರಣಿಗೆ ಬಂದು ಸ್ವಿಚ್ ಹಾಕಿದೆ.

ನನ್ನ ಅಭ್ಯಾಸವೆಲ್ಲ ಗಿರಣಿಯಲ್ಲೇ. ಗಿರಣಿಗೆ ತನ್ನದೇ ಶ್ರುತಿ ಇದೆ, ಕಾಳು ಬದಲಾದ ಹಾಗೆ ಅದೂ ಬದಲಾಗುತ್ತದೆ. ಗೋಧಿ ಸುರಿದರೆ ಮೇಲೆ ಹೋಗುತ್ತದೆ. ಜೋಳಕ್ಕೆ ನಡುವೆ ನಿಲ್ಲುತ್ತದೆ, ಅದೇ ನನ್ನ ದನಿ. ಕಡಲೆಬೇಳೆಗೆ ಮೋಟರು ತಿಣುಕಿ ಕೆಳಗೆ ಕೂರುತ್ತದೆ, ನನ್ನ ಗಂಟಲು ಅಲ್ಲಿಗೆ ಇಳಿಯಬೇಕಾದರೆ ಕಷ್ಟ. ಇಪ್ಪತ್ತಾರು ವರ್ಷದಿಂದ ಜೋಳ ಸುರಿದಾಗಲೆಲ್ಲ ಹಾಡಿಕೊಂಡಿದ್ದೇನೆ, ಒಂದು ದಿನವೂ ತಪ್ಪಿದ್ದಿಲ್ಲ. ಗಿರಣಿಯ ಸದ್ದಿನಲ್ಲೇ ನಿಲ್ಲುವವಳು ಗೋದಾಮಿನಲ್ಲಿ ಯಾಕೆ ಜಾರುತ್ತೇನೆ ಅನ್ನುವುದು ನನಗೆ ಬಗೆಹರಿದಿರಲಿಲ್ಲ.

ಬಗೆಹರಿಸಿದ್ದು ಚಂದ್ರವ್ವ, ನನ್ನ ಹಳೇ ಗಿರಾಕಿ. ಮರುದಿನ ಮಧ್ಯಾಹ್ನ ಅವಳ ಜೋಳ ಬೀಸುತ್ತ ಹಾಡುತ್ತಿದ್ದೆ. ಕರೆಂಟ್ ಹೋಯಿತು. ಗಿರಣಿಯನ್ನು ತಿರುಗಿಸುವ ಪಟ್ಟಾ ಸಾವಕಾಶ ಆಗುತ್ತ ಆಗುತ್ತ ನಿಂತಿತು. ಚಂದ್ರವ್ವ ಬಾಯಿಗೆ ಸೆರಗು ಹಿಡಿದು ನಗಲು ಶುರು ಮಾಡಿದಳು.

"ಯಾಕ ನಗತೀಯಬೇ?"

"ನಗದ ಏನ್ಮಾಡ್ಲಿ? ಕರೆಂಟ್ ಹೋತಲ್ಲ, ನೀನೂ ಹೋದಿ. ಗಿರಣಿ ಇಳಿದಂಗ ನಿನ್ನ ದನೀನೂ ಇಳಕೋತ ಇಳಕೋತ ಹೋಗಿ ನಿಂತ ಬಿಡ್ತು. ನಿನಗ ಗೊತ್ತ ಆಗ್ಲಿಲ್ಲೇನ?"

ನನಗೆ ಗೊತ್ತಾಗಿರಲಿಲ್ಲ. ಇಷ್ಟು ವರ್ಷ ನಾನು ಗಿರಣಿಯ ಎದುರು ಹಾಡಿರಲಿಲ್ಲ, ಗಿರಣಿಯ ಹೆಗಲ ಮೇಲೆ ಕೂತು ಹಾಡಿದ್ದೆ. ಹೊರಗಿನ ಸದ್ದು ಯಾವುದಿದ್ದರೂ ಅದನ್ನೇ ಅಪ್ಪಿಕೊಳ್ಳುವುದು ನನಗೆ ಅಭ್ಯಾಸವಾಗಿತ್ತು. ಗೋದಾಮಿನಲ್ಲಿ ಜೋಗುಳ ಸಿಕ್ಕರೆ ಜೋಗುಳ, ಹಾರ್ಮೋನಿಯಂ ಸಿಕ್ಕರೆ ಹಾರ್ಮೋನಿಯಂ. ಹೀಗಿದ್ದರೆ ಈ ಸಲ ಡಪ್ಪು. ಚಂದ್ರವ್ವನ ಮೇಲೆ ಸಿಟ್ಟು ಬಂತು, ಆಮೇಲೆ ಅವಳಿಗೆ ಎರಡು ಸೇರು ಜೋಳ ಪುಕ್ಕಟೆ ಬೀಸಿಕೊಟ್ಟೆ.

ಅವತ್ತಿನಿಂದ ಗಿರಣಿಯಲ್ಲಿ ಹೊಸ ಪಾಠ. ಜೋಳ ಸುರಿದು ಶ್ರುತಿ ಹಿಡಿಯುವುದು, ಹಾಡು ಶುರು ಮಾಡುವುದು, ಕೈಯಾರೆ ಸ್ವಿಚ್ ಕೆಳಗೆ ಎಳೆಯುವುದು. ಪಟ್ಟಾ ಇಳಿಯಬೇಕು, ನಾನು ಇಳಿಯಬಾರದು. ಮೊದಲ ಮೂರು ದಿನ ಇಳಿದೆ. ನಾಲ್ಕನೇ ದಿನ ಒಂದು ನುಡಿ ನಿಂತೆ. ಆಮೇಲೆ ಜೋಳದ ಶ್ರುತಿಯಲ್ಲಿ ಹಾಡುತ್ತ ಗೋಧಿ ಸುರಿದೆ, ಗೋಧಿ ಓಡುತ್ತಿರುವಾಗ ಬೇಳೆ ಸುರಿದೆ. ಕಿವಿಗೆ ಹತ್ತಿ ತುರುಕಿಕೊಂಡು, ದನಿ ಮೈಯಲ್ಲಿ ಎಲ್ಲಿ ಅದುರುತ್ತದೆ ಅಂತ ಕೈ ಇಟ್ಟು ನೋಡಿದೆ. ಜೋಳದ ಶ್ರುತಿ ಗಂಟಲಿನ ಕುಳಿಯಲ್ಲಿ. ಗೋಧಿಯದು ಹಣೆಯಲ್ಲಿ. ಬೇಳೆಯದು ಕೆಳಗಿನ ಪಕ್ಕೆಲುಬಿನಲ್ಲಿ. ಕಿವಿ ಇಲ್ಲದಿದ್ದರೂ ನಾನೆಲ್ಲಿದ್ದೇನೆ ಅಂತ ತಿಳಿಯತೊಡಗಿತು. ಗಿರಾಕಿಗಳು ಬೈದರು. ಅರ್ಧ ಬೀಸಿದ ಹಿಟ್ಟು, ಜೋಳದಲ್ಲಿ ಗೋಧಿ, ಗೋಧಿಯಲ್ಲಿ ಬೇಳೆ. ಆ ಹತ್ತು ದಿನ ಊರಿನಲ್ಲಿ ಯಾರ ರೊಟ್ಟಿಯೂ ನೆಟ್ಟಗೆ ಬರಲಿಲ್ಲ. ಬಯ್ಯಲಿ, ಗುರುವಾರ ಮುಗಿದ ಮೇಲೆ ಕೇಳಿಸಿಕೊಂಡರಾಯಿತು ಅಂದುಕೊಂಡೆ.

ನನ್ನ ಸರದಿಗೆ ಮೂರು ದಿನ ಇರುವಾಗ ದಸ್ತಗೀರ್ ಸಾಬರು ಕಡಲೆಬೇಳೆ ಹಿಡಿದುಕೊಂಡು ಬಂದರು. ಬಸ್ ಸ್ಟ್ಯಾಂಡಿನಲ್ಲಿ ಯಾವ ಬಸ್ಸು ಎಲ್ಲಿಗೆ, ಯಾವ ಕಟ್ಟೆಗೆ ಬರುತ್ತದೆ ಅಂತ ಮೈಕಿನಲ್ಲಿ ಕೂಗುವವರು ಅವರು. ಊರಿನ ಎಳೆಗೂಸಿಗೂ ಆ ಗಡಸು ದನಿ ಗೊತ್ತು, ಮುಖ ಗೊತ್ತಿರುವವರು ಕಡಿಮೆ. ಅವರ ಹೆಸರಿನ ಮುಂದೆಯೂ ಎರಡು ಗೀಟು ಇದ್ದವು.

"ಅಕ್ಕಾರ, ಒಂದು ಮಾತು ಕೇಳಬೇಕಿತ್ರಿ," ಅಂದರು. "ನಿಮ್ಮ ಮುಂದಿನ ವಾರ ನಂದೈತಿ. ನನ್ನ ದನಿ ಕೆಳಗಿಂದು. ನೀವು ಒಂದೀಟ ಕೆಳಗ ಹಾಡಿದ್ರ ನನಗ ನಿಲ್ಲಾಕ ನೆಲ ಸಿಗತಿತ್ರಿ."

ನಾನು ಬೇಳೆ ಸುರಿಯುತ್ತ ಅಂದೆ, "ನನ್ನ ಹಾಡಿನ ಮ್ಯಾಲೆ ನೀವು ಸವಾರಿ ಮಾಡಬೇಕೇನ್ರಿ ಸಾಬ್ರ?"

ಬಾಯಿಂದ ಬಿದ್ದ ಮೇಲೆ ಅದು ಯಾರ ಮಾತು ಅಂತ ಗೊತ್ತಾಯಿತು. ಗೊತ್ತಾದರೂ ವಾಪಸು ತೆಗೆದುಕೊಳ್ಳಲಿಲ್ಲ. ನನ್ನ ಗೀಟು ನನಗೆ ದೊಡ್ಡದಾಗಿತ್ತು.

"ಹೌದ್ ಬಿಡ್ರಿ, ಅದೂ ಖರೇನ," ಅಂದರು ಅವರು. ಗಿರಣಿಯನ್ನೇ ನೋಡುತ್ತ ಮುಂದುವರಿಸಿದರು: "ಮೂವತ್ತೊಂದು ವರ್ಷ ಆತ್ರಿ ಮೈಕಿನ ಮುಂದ ಕುಂತು. ಮಂದಿ ಹೋಗೂ ಊರಿನ ಹೆಸರು ಕೂಗೇನಿ. ನನ್ನ ಮಾತು ಅಂತ ಒಂದೂ ಬಂದಿಲ್ಲ ನೋಡ್ರಿ ಈ ಬಾಯಾಗ. ಅದಕ್ಕ ಒಂದು ಹಾಡು ಕಟ್ಟೇನಿ. ಸಣ್ಣದು."

ಹಿಟ್ಟು ಬೀಳುವ ತನಕ ಗೋಡೆಗೆ ಒರಗಿ ತಮ್ಮ ಪಾಡಿಗೆ ಗುನುಗುತ್ತ ನಿಂತಿದ್ದರು. ಗುನುಗುತ್ತಿದ್ದೇನೆ ಅಂತ ಅವರಿಗೇ ಗೊತ್ತಿರಲಿಕ್ಕಿಲ್ಲ. ಅವರ ಗುನುಗು ಗಿರಣಿಯ ಬೇಳೆ ಶ್ರುತಿಯ ಮೇಲೆ ಒಂದು ಕೂದಲೂ ಆಚೀಚೆ ಇಲ್ಲದ ಹಾಗೆ ಕೂತಿತ್ತು. ನಾನು ಕೇಳಿಸದವಳ ಹಾಗೆ ಚೀಲದ ಬಾಯಿ ಕಟ್ಟಿಕೊಟ್ಟೆ.

ಗುರುವಾರ ಬಂತು. ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟು ಹೋದೆ. ಅಂಬುಜಾಬಾಯಿಯವರು ಹಲಗೆಯ ಪಕ್ಕ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ಒರೆಸುವ ಬಟ್ಟೆ ಇಟ್ಟುಕೊಂಡು ಕೂತಿದ್ದರು. "ಗಟ್ಟಿ ಹಿಡಕೊ ತಂಗೆವ್ವ," ಅಂದರು, "ಆ ಬಟ್ಟಿ ನಾ ಎತ್ತೂದು ಬ್ಯಾಡ." ಮೂರನೇ ಸರದಿ ಮುಗಿಯಿತು. ಕಟ್ಟೆ ಹತ್ತಿದೆ. ಗಡಿಯಾರದ ಮುಳ್ಳು ಬಂದ ಕೂಡಲೇ ಸ್ಪೀಕರಿನಿಂದ ಯಮನೂರಪ್ಪ ಮಾಸ್ತರರ ಡಪ್ಪು ಶುರುವಾಯಿತು, ಎದೆಗೆ ಗುದ್ದಿದ ಹಾಗೆ. ಮಾಸ್ತರರು ಮೊದಲನೇ ಬೆಂಚಿನಲ್ಲಿ ಮೀಸೆ ತಿರುವುತ್ತ ತಮ್ಮನ್ನು ತಾವೇ ಕೇಳಿ ತಲೆದೂಗುತ್ತಿದ್ದರು.

ಜೋಳದ ಶ್ರುತಿ ಗಂಟಲಿನ ಕುಳಿಯಲ್ಲಿ ತಯಾರಾಗಿ ನಿಂತಿತ್ತು. ಬಾಯಿ ತೆರೆಯುವ ಮುಂಚೆ ಕಣ್ಣು ಮೂರನೇ ಬೆಂಚಿಗೆ ಹೋಯಿತು. ದಸ್ತಗೀರ್ ಸಾಬರು ಎರಡೂ ಕೈ ಮೊಣಕಾಲಿನ ಮೇಲೆ ಊರಿಕೊಂಡು, ನನ್ನನ್ನೇ ನೋಡುತ್ತಿದ್ದರು. ಶಾಪ ಇರಲಿಲ್ಲ ಆ ಮುಖದಲ್ಲಿ, ಬೇಡಿಕೆಯೂ ಇರಲಿಲ್ಲ. ನಾನು ಗೆಲ್ಲಲಿ ಅಂತಲೇ ಕೂತಿದ್ದರು ಆ ಮನುಷ್ಯ. ನಾಚಿಕೆಯಾಯಿತು. ಅವ್ವನ ಹಾಡಿನ ಮೊದಲ ನುಡಿ ನಾಲಿಗೆಯ ಮೇಲಿತ್ತು.

ಕೈ ನೊಂದಾವಂತ ಕಲ್ಲ ಬಿಡಬ್ಯಾಡ ಮಗಳ
ಕೈ ಬದಲ ಮಾಡಿ ಹಿಡಿ ಗೂಟ | ಜ್ವಾಳ
ತೀರೂತನ ತಿರುಗು ನಿಲಬ್ಯಾಡ

ಐದು ನುಡಿ ಉಳಿಸಿಕೊಂಡವಳಿಗೆ ಅವ್ವ ಹೇಳಿದ್ದು ಕೈ ಬದಲಿಸು ಅಂತ. ನಾನು ಬದಲಿಸಿದೆ. ಜೋಳದ ಶ್ರುತಿಯನ್ನು ಬಿಟ್ಟು, ಉಸಿರನ್ನು ಕೆಳಗೆ ದಬ್ಬಿ, ಪಕ್ಕೆಲುಬು ಅದುರುವವರೆಗೆ ಇಳಿದೆ. ಹತ್ತು ದಿನ ಒಂದು ಶ್ರುತಿಗೆ ಬೆವರು ಸುರಿಸಿ ಕೊನೇ ಗಳಿಗೆಗೆ ಇನ್ನೊಂದನ್ನು ಹಿಡಿಯುವವಳನ್ನು ಏನನ್ನಬೇಕೋ ಗೊತ್ತಿಲ್ಲ. ನನಗೆ ನಾನೇ ಏನೇನೋ ಬೈದುಕೊಂಡೆ. ಡಪ್ಪು ಎಳೆಯುತ್ತಿತ್ತು, ಮಾಸ್ತರರ ದನಿ ಮೇಲಿನಿಂದ ಜಗ್ಗುತ್ತಿತ್ತು. ನಾನು ಒಂದು ಕೈಯನ್ನು ಪಕ್ಕೆಗೆ ಒತ್ತಿ ಹಿಡಿದು, ಅಲ್ಲಿ ನಡುಕ ನಿಂತ ಕೂಡಲೇ ಮತ್ತೆ ದಬ್ಬಿ, ಮುಂದಿನ ಸಾಲು, ಅದರ ಮುಂದಿನ ಸಾಲು ಅಂತ ಹೋದೆ. ಐದು ನುಡಿಯೂ ಆಯಿತು. ಗಡಿಯಾರ ನೋಡಿದರೆ ಇನ್ನೂ ಒಂದು ನಿಮಿಷ ಉಳಿದಿತ್ತು. ಉಳಿದರೆ ಉಳಿಯಲಿ ಅಂತ ಕೆಳಗಿಳಿದು ಬಂದೆ. ಸೀರೆಯ ಬೆನ್ನು ಒದ್ದೆಯಾಗಿತ್ತು. ಡಪ್ಪು ಮುಗಿದಾಗ ಚಪ್ಪಾಳೆ ಬಿತ್ತು, ಮಾಸ್ತರರು ಎದ್ದು ನಿಂತು ಕೈ ಮುಗಿದರು.

ಹಾಡಿದ ಮೇಲಿನ ವಾರಕ್ಕೆ ನಮ್ಮೂರಲ್ಲಿ ಬಸುರಿನ ವಾರ ಅನ್ನುತ್ತಾರೆ. ಒಳಗೆ ಏನಿದೆ, ಹೇಗಿದೆ ಯಾರಿಗೂ ಗೊತ್ತಿಲ್ಲ, ಹಾಡಿದವರನ್ನು ಯಾರೂ ಆ ಬಗ್ಗೆ ಕೇಳುವುದಿಲ್ಲ. ಬೈಯಬೇಕೆಂದು ಬಂದ ಗಿರಾಕಿಗಳು ಕೂಡ ಹಿಟ್ಟು ಚೆನ್ನಾಗಿದೆ ಅಂದು ಹೋದರು. ಎರಡು ದಿನ ತಡೆದುಕೊಂಡೆ. ಮೂರನೇ ದಿನ ಗಿರಣಿ ಬಿಟ್ಟು ಬಸ್ ಸ್ಟ್ಯಾಂಡಿಗೆ ಹೋಗಿ, ಸಾಬರ ಕೋಣೆಯ ಕಿಟಕಿ ಬಡಿದೆ.

"ಸಾಬ್ರ, ನಾ ನಿಮ್ಮ ಶ್ರುತಿಗೇ ಹಾಡೇನಿ."

ಅವರು ಮೈಕಿನ ಗುಂಡಿ ಆರಿಸಿ ನನ್ನನ್ನೇ ನೋಡಿದರು. "ಯಾಕ್ರಿ ಅಕ್ಕಾರ? ನಿಮ್ಮ ಹೆಸರೂ ಉಳೀಬೇಕಲ್ರಿ."

"ಯಾಕಂತ ಕೇಳಬ್ಯಾಡ್ರಿ. ಸರಿ ಬಂದೈತೋ ಇಲ್ಲೋ ನನಗೂ ಗೊತ್ತಿಲ್ಲ. ಜಾರಿದ್ರ ಇಬ್ರೂ ಕೂಡೇ ಜಾರತೇವಿ. ನಾಳಿಂದ ದಿನಾ ಗಿರಣಿಗೆ ಬರ್ರಿ, ಬ್ಯಾಳಿ ಹಾಕ್ತೀನಿ. ಆದ್ರ ಒಂದು ಮಾತು. ಗಿರಣೀ ಮ್ಯಾಲೆ ಒರಗಬ್ಯಾಡ್ರಿ. ನಡುವ ನಾ ಸ್ವಿಚ್ ಎಳೀತೀನಿ, ಆಗೂ ನಿಂದ್ರಬೇಕು ನೀವು."

ಬಂದರು. ಡ್ಯೂಟಿ ಮುಗಿಸಿ ದಿನಾ ಬಂದರು. ಸ್ವಿಚ್ ಎಳೆದಾಗಲೆಲ್ಲ ಇಳಿದರು, ಮತ್ತೆ ಹತ್ತಿದರು. ಬುಧವಾರ ಪಟ್ಟಾ ನಿಂತ ಮೇಲೂ ಅವರ ದನಿ ಗಿರಣಿಯ ಗೋಡೆಗಳ ನಡುವೆ ಒಂದು ನುಡಿ ಪೂರ್ತಿ ನಿಂತಿತ್ತು. ಮಂದಿಯನ್ನು ಬಸ್ಸಿಗೆ ಹತ್ತಿಸಿ ತಾನು ಅಲ್ಲೇ ಉಳಿಯುವವನ ಹಾಡು ಅದು. ಚಂದ್ರವ್ವ ಜೋಳದ ಬುಟ್ಟಿ ಇಳಿಸುವುದನ್ನೇ ಮರೆತು ತಲೆಯ ಮೇಲೆ ಇಟ್ಟುಕೊಂಡೇ ಕೇಳಿದಳು.

ಗುರುವಾರ ಗೋದಾಮು ತುಂಬಿತ್ತು. ನಾಲ್ಕನೇ ಸರದಿಗೆ ದಸ್ತಗೀರ್ ಸಾಬರು ಕಟ್ಟೆ ಹತ್ತಿ ಕಣ್ಣು ಮುಚ್ಚಿಕೊಂಡು ನಿಂತರು. ಮುಳ್ಳು ಬಂತು. ಸ್ಪೀಕರಿನಿಂದ ನಾನು ಬಂದೆ.

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಕೆಳಗೆ, ಒರಟಾಗಿ, ಕಲ್ಲಿನ ಮೇಲೆ ಕಲ್ಲು ತಿರುಗಿದ ಹಾಗೆ. ಮೊದಲ ಸಾಲಿನಲ್ಲಿ ಒಮ್ಮೆ ಅಲುಗಿತು, ಅಂಬುಜಾಬಾಯಿಯವರ ಕೈ ಸುಣ್ಣದ ಕಡ್ಡಿಯ ಕಡೆ ಹೋದದ್ದನ್ನು ಕಂಡೆ. ಎರಡನೇ ಸಾಲಿಗೆ ನಿಂತಿತು. ಆಮೇಲೆ ಅಲುಗಲಿಲ್ಲ. ಇದು ತಂಗೆವ್ವನ ಅವ್ವನ ದನಿ, ಕಲ್ಲಿನ ಮುಂದೆ ಅವಳು ಹೀಗೇ ಹಾಡುತ್ತಿದ್ದಳು ಅಂತ ಹಿಂದಿನ ಬೆಂಚಿನಲ್ಲಿ ಯಾರೋ ಮುದುಕಿ ಅಂದಳು. ನನಗೆ ಅಳು ಬಂತು. ಅತ್ತೆ. ಅಳುತ್ತಲೇ ಕಟ್ಟೆಯ ಮೇಲಿನವರನ್ನು ನೋಡುತ್ತಿದ್ದೆ.

ಸಾಬರ ತುಟಿ ಅಲ್ಲಾಡುತ್ತಿತ್ತು. ಮೊದಲ ನುಡಿಯ ಕೊನೆಗೆ ಆ ತುಟಿ 'ನಿಲಬ್ಯಾಡ' ಅಂದ ಹಾಗಿತ್ತು. ಅದು ನನ್ನ ಮಾತು. ಗೊತ್ತಿಲ್ಲದೆ ಎದ್ದು ನಿಂತಿದ್ದೆ, ಕೈ ಪಕ್ಕೆಗೆ ಹೋಗಿತ್ತು. ಅವರಿಗೆ ಕಾಣಲಿಲ್ಲ, ಕಣ್ಣು ಮುಚ್ಚಿದ್ದವು. ಆದರೆ ಅವರ ಕೈಯೂ ನಿಧಾನಕ್ಕೆ ಅಂಗಿಯ ಮೇಲಿಂದ ಪಕ್ಕೆಗೆ ಬಂತು, ಒತ್ತಿ ಹಿಡಿಯಿತು. ಮೂರನೇ ನುಡಿಗೆ ತುಟಿ ನನ್ನ ಮಾತನ್ನು ಬಿಟ್ಟಿತು. ನಾನು ಜೋಳ ಅಂದಾಗ ಅವರ ಬಾಯಿ ಇನ್ನೇನೋ ಅನ್ನುತ್ತಿತ್ತು. ನಾನು ಉಸಿರು ತೆಗೆದುಕೊಂಡಲ್ಲಿ ಅವರು ತೆಗೆದುಕೊಳ್ಳಲಿಲ್ಲ.

ನನ್ನ ಐದನೇ ನುಡಿ ಮುಗಿಯಿತು. ಸ್ಪೀಕರ್ ಸುಮ್ಮನಾಯಿತು. ಇನ್ನೂ ಒಂದು ನಿಮಿಷ ಇತ್ತು. ಸಾಬರಿಗೆ ಈಗ ಕೆಳಗೆ ಗಿರಣಿಯೂ ಇಲ್ಲ, ನಾನೂ ಇಲ್ಲ. ಇಡೀ ಗೋದಾಮು ಚಪ್ಪಾಳೆಗೆ ಕೈ ಎತ್ತಿತು, ಇಪ್ಪತ್ತಾರು ವರ್ಷ ನಾನು ಕಾದಿದ್ದ ಚಪ್ಪಾಳೆ. ಅದು ಬಿದ್ದರೆ ಕಟ್ಟೆಯ ಮೇಲೆ ಅವರಿಗೆ ಕೇಳುತ್ತದೆ. ನಾನು ಜನರ ಕಡೆ ತಿರುಗಿ ಎರಡೂ ಕೈ ಮೇಲೆತ್ತಿ, ಬೇಡ ಅಂದೆ. ಕೈಗಳು ಎತ್ತಿದಲ್ಲೇ ನಿಂತವು. ಮೊದಲನೇ ಬೆಂಚಿನಲ್ಲಿ ಯಮನೂರಪ್ಪ ಮಾಸ್ತರರು ಹಿಂದಕ್ಕೆ ಹೊರಳಿ, ಡ್ರಿಲ್ಲಿನಲ್ಲಿ ನಿಲ್ಲಿಸುತ್ತಿದ್ದರಲ್ಲ ಹಾಗೆ, ಅಂಗೈ ಅಡ್ಡ ಹಿಡಿದರು. ಒಂದು ಕೆಮ್ಮೂ ಬರಲಿಲ್ಲ. ಏನೂ ಕೇಳದ ಆ ಒಂದು ನಿಮಿಷ ನಾವೆಲ್ಲ ಒಬ್ಬ ಮನುಷ್ಯ ಹಾಡುವುದನ್ನು ನೋಡಿದೆವು. ಅವರ ಕೈ ಪಕ್ಕೆ ಬಿಡಲಿಲ್ಲ.

ಅವರು ಬಾಯಿ ಮುಚ್ಚಿ ಕಣ್ಣು ತೆರೆದ ಮೇಲೆ ಚಪ್ಪಾಳೆ ಬಿತ್ತು. ಯಾರಿಗೆ ಅಂತ ಯಾರೂ ಕೇಳಲಿಲ್ಲ. ಅಂಬುಜಾಬಾಯಿಯವರು ಸುಣ್ಣದ ಕಡ್ಡಿಯನ್ನು ಡಬ್ಬಿಗೆ ಹಾಕಿ ಮುಚ್ಚಳ ಹಾಕಿದರು.

ಸಾಬರ ಹಾಡು ಬರುವ ಗುರುವಾರ, ಆರು ಗಂಟೆ ಇಪ್ಪತ್ತೊಂದು ನಿಮಿಷಕ್ಕೆ ಬರುತ್ತದೆ. ಅವತ್ತು ಗಿರಣಿ ಐದಕ್ಕೇ ಬಂದ್. ಬೀಸಿಸುವವರು ಬೆಳಿಗ್ಗೆಯೇ ಬನ್ನಿ.